ದಂಡಿನ ಹಳೆಯ ಬಂದೂಕುಗಳು



ಚರಿತ್ರೆಯನ್ನು ಬೋಧಿಸುವವರಲ್ಲಿ ಒಂದು ವಿಚಿತ್ರವಾದ ಧೈರ್ಯವುಂಟು. ಆನೆಯ ಬೆನ್ನನ್ನು ಒಮ್ಮೆಯೂ ಏರದವರು ತಾಳಿಕೋಟೆಯ ಯುದ್ಧದಲ್ಲಿ ಆನೆಗಳನ್ನು ಹೇಗೆ ನಿಲ್ಲಿಸಬೇಕಾಗಿತ್ತೆಂಬುದನ್ನು ಹೇಳುತ್ತೇವೆ; ಹಡಗಿನ ಹಗ್ಗವನ್ನು ಕೈಯಿಂದ ಮುಟ್ಟದವರು ಟ್ರಫಾಲ್ಗರಿನ ನಾವಿಕರ ತಪ್ಪು ಒಪ್ಪುಗಳನ್ನು ತೂಗಿ ನೋಡುತ್ತೇವೆ. ನಾವೂ ಈ ಗುಂಪಿಗೆ ಸೇರಿದವರೇ. ಸುಮಾರು ಇಪ್ಪತ್ತು ವರ್ಷಗಳಿಂದ ಕಾಲೇಜಿನ ತರಗತಿಗಳಲ್ಲಿ ೧೮೫೭ನೆಯ ಇಸವಿಯ ಸಿಪಾಯಿಗಳ ದಂಗೆಯನ್ನು ವಿವರಿಸುತ್ತ ಬಂದಿದ್ದೇವೆ. ಕೊಬ್ಬು ಸವರಿದ ತೋಟಾಗಳ ಪ್ರಸಂಗ ಬಂದಾಗಲೆಲ್ಲ, ಅದು ಬರಿಯ ನೆಪ, ನಿಜವಾದ ಕಾರಣಗಳು ಬೇರೆ ಇದ್ದುವು ಎಂದು ಹೇಳಿ, ಐದು ನಿಮಿಷಗಳಲ್ಲಿ ಅದನ್ನು ಮುಗಿಸಿ, ಡಾಲ್‌ಹೌಸಿಯ ರಾಜ್ಯಾಪಹಾರ ನೀತಿಗೆ ಮುಂದುವರಿಯುವುದು ನಮ್ಮ ವಾಡಿಕೆ. ಆದರೆ ಆ ತೋಟಾ ಎಷ್ಟು ಉದ್ದವಿತ್ತು, ಅದರ ಯಾವ ತುದಿಯಲ್ಲಿ ಕೊಬ್ಬಿತ್ತು, ಯಾವ ತುದಿಯನ್ನು ಹಲ್ಲಿನಿಂದ ಕಚ್ಚಬೇಕಾಗಿತ್ತು ಎಂದು ಯಾವ ವಿದ್ಯಾರ್ಥಿಯಾದರೂ ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಪುಣ್ಯವಶಾತ್ ಯಾರೂ ಕೇಳಲಿಲ್ಲ.

ಕೆಲವು ವರ್ಷಗಳ ಕೆಳಗೆ ನಾವು ಇಂಗ್ಲೆಂಡಿಗೆ ಹೋಗಿದ್ದಾಗ, ಅಲ್ಲಿಯ ಸ್ನೇಹಿತರೊಬ್ಬರು, ಅವರೂ ಉಪಾಧ್ಯಾಯವೃತ್ತಿಯಲ್ಲಿದ್ದು ನಿವೃತ್ತರಾದವರು, ಒಂದು ಶನಿವಾರ ನಮ್ಮನ್ನು ಬಿಸ್ಲಿಗೆ ಕರೆದುಕೊಂಡು ಹೋದರು. ಹಳೆಯ ಕಾಲದ ದಂಡಿನ ಬಂದೂಕುಗಳನ್ನು ಕೂಡಿಸುವುದೂ, ರಜದ ದಿನಗಳಲ್ಲಿ ಅವುಗಳಿಂದ ಗುರಿ ಹೊಡೆಯುವುದೂ ಅವರಿಗೆ ಪ್ರಿಯವಾದ ವಿನೋದ. ಬಿಸ್ಲಿ ಎಂಬುದು ಲಂಡನ್ನಿನಿಂದ ಸುಮಾರು ಮೂವತ್ತು ಮೈಲಿ ದೂರದಲ್ಲಿ, ಸರ್ರೆ ಪ್ರಾಂತದ ಹಳ್ಳದಿಣ್ಣೆಗಳ ಬಯಲಿನಲ್ಲಿರುವ ಸ್ಥಳ. ೧೮೫೯ರಲ್ಲಿ ಫ್ರಾನ್ಸಿನ ದಂಡು ಎಲ್ಲಿ ದಾಳಿಯಿಡುವುದೋ ಎಂಬ ಭೀತಿ ಇಂಗ್ಲೆಂಡಿನಲ್ಲಿ ಹಬ್ಬಿದಾಗ, ಸಾಮಾನ್ಯ ಪ್ರಜೆಗಳಿಗೂ ಗುರಿಯಭ್ಯಾಸವಿರಬೇಕೆಂದು ರಾಷ್ಟ್ರೀಯ ರೈಫಲ್ ಸಂಘವೊಂದು ಹುಟ್ಟಿತು. ಅದರ ಮೊದಲನೆಯ ಕೂಟ ೧೮೬೦ನೆಯ ಜುಲೈ ೨ರಂದು ವಿಂಬಲ್ಡನ್ ಬಯಲಿನಲ್ಲಿ ನೆರೆಯಿತು. ವಿಕ್ಟೋರಿಯಾ ರಾಣಿಯೇ ಮೊದಲ ಈಡನ್ನು ಹಾರಿಸಿದಳು. ವಿಟ್‌ವರ್ತ್ ರೈಫಲೊಂದನ್ನು ಕಬ್ಬಿಣದ ಪೀಠಕ್ಕೆ ಬಿಗಿದು, ಮೊದಲೇ ಗುರಿ ಹೂಡಿ, ರಾಣಿಯ ಕೈಗೆ ಒಂದು ರೇಷ್ಮೆಯ ದಾರವನ್ನು ಕೊಟ್ಟಿದ್ದರು. ದಾರವನ್ನೆಳೆದೊಡನೆ ನಾನೂರು ಗಜ ದೂರದ ಹಲಗೆಯ ನಡುವಿನಿಂದ ಒಂದೂವರೆ ಅಂಗುಲದೊಳಗೆ ಗುಂಡು ತಾಗಿತು. ೧೮೯೦ರಲ್ಲಿ ಸಂಘವು ವಿಂಬಲ್ಡನ್ನನ್ನು ಬಿಟ್ಟು ಬಿಸ್ಲಿಗೆ ಬಂದಿತು. ಪ್ರಜೆಗಳ ಕೈಗೆ ಬಂದೂಕನ್ನು ಕೊಟ್ಟು, ಚೆನ್ನಾಗಿ ಹೊಡೆಯಿರಿ ಎಂದು ಬಹುಮಾನವಿಟ್ಟ ದೊರೆತನವನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನ ಬೀಳುತ್ತದೆ.

ನಮ್ಮ ಸ್ನೇಹಿತರು ಚರಿತ್ರೆಯ ಕ್ರಮದಲ್ಲಿಯೇ ತಮ್ಮ ಬಂದೂಕುಗಳನ್ನು ಹೊರಗೆ ತೆಗೆದರು. ಮೊದಲನೆಯದು ಚಕಮಕಿ ಕಲ್ಲಿನದು. ಸಿಪಾಯಿಗಳು ಇದನ್ನು ಪ್ರೀತಿಯಿಂದ 'ಬ್ರೌನ್ ಬೆಸ್' ಎಂದು ಕರೆಯುತ್ತಿದ್ದರು. ೧೭೨೦ರ ದಶಕದಿಂದ ಮೊದಲುಗೊಂಡು ನೂರು ವರ್ಷಗಳಿಗೂ ಮೇಲ್ಪಟ್ಟು ಇಂಗ್ಲೀಷರ ದಂಡಿನ ಮುಖ್ಯವಾದ ಆಯುಧ ಇದೇ. ತೂಕ ಸುಮಾರು ಹತ್ತು ರಾತಲು. ನಳಿಗೆಯ ಬಾಯಿ ಮುಕ್ಕಾಲು ಅಂಗುಲ. ಒಳಗಿನ ಮೈ ಕೊಳವೆಯಂತೆ ನುಣುಪು. ಗುಂಡು ಈ ಬಾಯಿಗಿಂತ ಚಿಕ್ಕದಾದುದರಿಂದ, ಸಿಡಿದಾಗ ಅದು ನಳಿಗೆಯೊಳಗೆ ಆ ಕಡೆ ಈ ಕಡೆ ತಾಗುತ್ತ ಹೊರಬಿದ್ದು, ಕೊನೆಯ ಸಲ ಯಾವ ಕಡೆ ತಾಗಿತೋ ಅದರ ಎದುರು ದಿಕ್ಕಿಗೆ ಹೋಗುತ್ತದೆ. ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿ ಕುಂಪಣಿಯವರ ಕೈಯಲ್ಲಿದ್ದುದು ಇದೇ ಜಾತಿಯ ಬಂದೂಕು. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿಯೂ ಇದೇ ತತ್ತ್ವದ ಚಕಮಕಿ ಬಂದೂಕುಗಳು ತಯಾರಾಗುತ್ತಿದ್ದುವು. ಹುಲಿಯ ತಲೆ ಮತ್ತು ಹುಲಿಯ ಪಟ್ಟೆಗಳಿಂದ ಅಲಂಕೃತವಾದ ಅವುಗಳಲ್ಲಿ ಕೆಲವು ೧೭೯೯ರ ಲೂಟಿಯ ತರುವಾಯ ಇಂಗ್ಲೆಂಡಿನ ಅರಮನೆಯನ್ನು ಸೇರಿದುವು.

ಈ ಬಂದೂಕನ್ನು ಹಾರಿಸುವುದು ಒಂದು ಸಂಸಾರವನ್ನು ನಡೆಸಿದಂತೆ. ಮದ್ದು ಸುರಿಯಬೇಕು, ಗುಂಡನ್ನು ಇಳಿಬಿಡಬೇಕು, ಸಲಾಕೆಯಿಂದ ಜಡಿಯಬೇಕು, ರಂಜಕದ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚಬೇಕು, ಕುದುರೆಯನ್ನೆತ್ತಬೇಕು. ನಾವು ಕೀಲನ್ನೆಳೆದೆವು. ಕಲ್ಲು ಉಕ್ಕಿಗೆ ಬಡಿದು ಕಣ್ಣಿನ ಮುಂದೆಯೇ ಕಿಡಿ ಹಾರಿ, ರಂಜಕವು ಭುಗ್ಗೆಂದು, ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆ ಒಂದು ಕ್ಷಣದಲ್ಲಿ ನಾವು ಕಣ್ಣು ಮುಚ್ಚಿದುದೂ ಆಯಿತು, ತಲೆಯನ್ನು ತಿರುಗಿಸಿದುದೂ ಆಯಿತು. ಬಳಿಕ ಭುಜಕ್ಕೆ ಎತ್ತು ಹಾಯ್ದಂತೆ ಪೆಟ್ಟು ಬಿದ್ದಿತು. ಹಲಗೆ ಕ್ಷೇಮವಾಗಿತ್ತು. ಸಾಲುಸಾಲಾಗಿ ಭುಜಕ್ಕೆ ಭುಜ ತಾಗಿಸಿ ನಿಂತು, ಅಪ್ಪಣೆಯಾದೊಡನೆ ಒಟ್ಟಿಗೆ ಹಾರಿಸುತ್ತಿದ್ದ ಆ ಕಾಲದ ಯುದ್ಧಕ್ರಮವನ್ನು ಮೂರ್ಖತನವೆಂದು ನಾವು ತರಗತಿಯಲ್ಲಿ ನಕ್ಕದ್ದುಂಟು. ಒಬ್ಬನ ಗುಂಡು ಎಲ್ಲಿ ಹೋಗುವುದೆಂದು ತಿಳಿಯದಿರುವಾಗ ನೂರು ಗುಂಡುಗಳನ್ನು ಒಟ್ಟಿಗೆ ಕಳುಹಿಸುವುದಲ್ಲದೆ ಬೇರೆ ಉಪಾಯವೇನು? ಆ ದಿನದಿಂದ ನಾವು ನಗುವುದನ್ನು ಬಿಟ್ಟೆವು.

ಈ ರಂಜಕದ ಪೀಡೆಯನ್ನು ತಪ್ಪಿಸಿದವನು ಸೇನಾಪತಿಯಲ್ಲ, ಸ್ಕಾಟ್ಲೆಂಡಿನ ಒಬ್ಬ ಪಾದ್ರಿ. ಬೆಲ್‌ಹೆಲ್ವಿ ಎಂಬ ಗ್ರಾಮದ ಅಲೆಗ್ಸಾಂಡರ್ ಫಾರ್ಸಿತ್ ಎಂಬಾತನಿಗೆ ಹಕ್ಕಿಯ ಬೇಟೆಯ ಹುಚ್ಚು. ರಂಜಕದ ಕಿಡಿಯನ್ನು ಕಂಡೊಡನೆ ಹಕ್ಕಿಗಳು ಹಾರಿಹೋಗುವುದನ್ನು ಸಹಿಸಲಾರದೆ, ಪೆಟ್ಟು ಬಿದ್ದರೆ ತಾನೇ ಸಿಡಿಯುವ ಮದ್ದನ್ನು ಉಪಯೋಗಿಸುವ ಯುಕ್ತಿಯನ್ನು ಕಂಡುಹಿಡಿದು ೧೮೦೭ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ನಮ್ಮ ಹಳ್ಳಿಗಳಲ್ಲಿ ಕೇಪು ಎಂದು ಕರೆಯುವ ಚಿಕ್ಕ ತಾಮ್ರದ ಟೋಪಿ ಇದರಿಂದ ಬೆಳೆದುಬಂದದ್ದು.

ಎರಡನೆಯದಾಗಿ ಹೊರಬಂದುದು ೧೮೫೩ರ ಮಾದರಿಯ ಎನ್‌ಫೀಲ್ಡ್ ರೈಫಲು. ನಾವು ಇದಕ್ಕಾಗಿಯೇ ಕಾದಿದ್ದೆವು. ಇದರ ನಳಿಗೆ ೩೯ ಅಂಗುಲ ಉದ್ದ, ಬಾಯಿ ೦.೫೭೭ ಅಂಗುಲ. ಒಳಮೈಯಲ್ಲಿ ಮೂರು ತೋಡುಗಳು ಸುರುಳಿಯಾಗಿ ಸಾಗಿ, ಬಾಯಿಗೆ ಬರುವ ವೇಳೆಗೆ ಅರ್ಧ ಸುತ್ತು ಸುತ್ತಿರುತ್ತವೆ. ಬುಗುರಿ ತಿರುಗುತ್ತಿರುವವರೆಗೆ ಬೀಳದು. ಹಾಗೆಯೇ ತಿರುಗುತ್ತ ಹೋಗುವ ಗುಂಡು ದಾರಿ ತಪ್ಪದು. ಈ ತತ್ತ್ವ ಬಹು ಹಳೆಯದು. ಆದರೆ ತೋಡಿನಲ್ಲಿ ಬಿಗಿಯಾಗಿ ಕೂರುವ ಗುಂಡನ್ನು ಬಾಯಿಯಿಂದ ಜಡಿಯುವುದು ಬಹಳ ನಿಧಾನವಾದ ಕೆಲಸವಾದುದರಿಂದ ದಂಡಿನವರು ಇದನ್ನು ದೂರವಿಟ್ಟಿದ್ದರು. ಫ್ರಾನ್ಸಿನ ಮಿನ್ಯೇ ಎಂಬ ಅಧಿಕಾರಿ ೧೮೪೯ರ ಸುಮಾರಿನಲ್ಲಿ ತಳದಲ್ಲಿ ಟೊಳ್ಳಾದ ಉದ್ದನೆಯ ಸೀಸದ ಗುಂಡನ್ನು ರೂಢಿಗೆ ತಂದನು. ಅದು ಸಲೀಸಾಗಿ ಇಳಿಯುತ್ತದೆ. ಮದ್ದು ಸಿಡಿದಾಗ ತಳ ಅರಳಿ ತೋಡುಗಳನ್ನು ಕಚ್ಚಿಕೊಳ್ಳುತ್ತದೆ. ಎನ್‌ಫೀಲ್ಡಿನ ಗುಂಡೂ ಇದೇ ವಂಶದ್ದು. ಇದರಿಂದ ಬಂದೂಕಿನ ನಂಬಿಕೆಯ ದೂರ ನೂರು ಗಜದೊಳಗಿಂದ ಹಲವು ನೂರು ಗಜಗಳಿಗೆ ಏರಿತು; ಎನ್‌ಫೀಲ್ಡಿನ ಗುರಿಪಟ್ಟಿಯಲ್ಲಿ ೯೦೦ ಗಜಗಳವರೆಗೆ ಗುರುತುಗಳಿವೆ. ಆಗಿನ ಜಗತ್ತಿನ ಅತ್ಯುತ್ತಮವಾದ ದಂಡಿನ ಬಂದೂಕುಗಳಲ್ಲಿ ಇದೊಂದು. ಇದನ್ನೇ ೧೮೫೭ನೆಯ ಜನವರಿಯಲ್ಲಿ ಬಂಗಾಳದ ಸಿಪಾಯಿಗಳ ಕೈಗೆ ಕೊಡಲು ಹೊರಟಿದ್ದರು.

ಸ್ನೇಹಿತರು ಹಳೆಯ ಮಾದರಿಯಂತೆಯೇ ತೋಟಾಗಳನ್ನು ಮನೆಯಲ್ಲಿ ಸುತ್ತಿ ತಂದಿದ್ದರು. ಬೆರಳಿನಷ್ಟು ಗಾತ್ರದ ಕಾಗದದ ಸುರುಳಿ. ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಗುಂಡು. ಕೊಬ್ಬಿರುವುದು ಗುಂಡಿನ ತುದಿಯ ಕಾಗದಕ್ಕೆ. ಹಲ್ಲಿನಿಂದ ಕಚ್ಚಿ ಹರಿಯಬೇಕಾದುದು ಮದ್ದಿನ ತುದಿಯನ್ನು. ಇದನ್ನು ಕಂಡೊಡನೆ ನಮಗೆ ಒಂದು ಬಗೆಯ ಪಂಡಿತಸಂತೋಷವುಂಟಾಯಿತು. ಕೊಬ್ಬು ಬಾಯಿಗೆ ತಾಗುವುದೇ ಇಲ್ಲವಲ್ಲ! ಹಾಗಾದರೆ ಸಿಪಾಯಿಗಳ ಭಯಕ್ಕೆ ಆಧಾರವೇ ಇರಲಿಲ್ಲವೆಂದು ಒಂದು ಲೇಖನವನ್ನೇ ಬರೆಯಬಹುದೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿದೆವು. ಸುಮ್ಮನೆ, ಈ ಕೊಬ್ಬು ಯಾವುದೆಂದು ಕೇಳಿದೆವು. ಜೇನುಮೇಣವನ್ನೂ ಪ್ರಾಣಿಯ ಕೊಬ್ಬನ್ನೂ ಕಾಯಿಸಿ ಕೂಡಿಸಿದ್ದೆಂದು ಅವರು ಹೇಳಿದರು. ಯಾವ ಪ್ರಾಣಿಯದು ಎಂದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಂಗಡಿಯಲ್ಲಿ ಕೊಂಡದ್ದು, ನಾನು ಕೇಳಲಿಲ್ಲ" ಎಂದರು.

ಶ್ರೋತೃಗಳೆ, ೧೮೫೭ರಲ್ಲಿ ಸರಕಾರದವರು ವಿಚಾರಣೆ ನಡೆಸಿದಾಗ, ಕಲ್ಕತ್ತೆಯ ತೋಟಾ ಕಾರ್ಖಾನೆಯ ಕಡೆಯಿಂದ ಬಂದ ಉತ್ತರವೂ ಇದೇ. ಕೊಬ್ಬನ್ನು ಗುತ್ತಿಗೆದಾರನು ತಂದುಕೊಡುತ್ತಿದ್ದನು. ಅದು ಯಾವ ಪ್ರಾಣಿಯದೆಂದು ಎಚ್ಚರದಿಂದ ನೋಡಿದವರಿರಲಿಲ್ಲ. ಹಸುವಿನದೆಂದು ಹೇಳುವಂತೆಯೂ ಇಲ್ಲ, ಅಲ್ಲವೆಂದು ಆಣೆಯಿಡುವಂತೆಯೂ ಇಲ್ಲ. ೧೮೫೩ರಲ್ಲಿ ಕೊಬ್ಬು ಸವರಿದ ತೋಟಾಗಳನ್ನು ಹವೆಯ ಪರೀಕ್ಷೆಗಾಗಿ ಮೊದಲು ಇಲ್ಲಿಗೆ ತಂದಾಗಲೇ, ಈ ವಿಷಯದಲ್ಲಿ ಜೋಕೆಯಿರಲೆಂದು ಬಂಗಾಳ ಸೈನ್ಯದ ಅಧಿಕಾರಿಯೊಬ್ಬನು ಬರೆದಿದ್ದನು. ಆ ಕಾಗದ ಕಡತದಲ್ಲಿ ಉಳಿಯಿತು.

ನಾವು ತೋಟಾವನ್ನು ಕೈಯಲ್ಲಿ ಹಿಡಿದು ನಿಂತೆವು. ಮಡಿ ಮೈಲಿಗೆಗಳ ಕಟ್ಟನ್ನು ಕಾಲೇಜಿಗೆ ಸೇರಿದ ವರ್ಷವೇ ಕಳಚಿದೆವೆಂದು ತಿಳಿದುಕೊಂಡವರು ನಾವು. ಆದರೂ ಕೈ ಬಾಯಿಯವರೆಗೆ ಬರಲಿಲ್ಲ. ಯಾರೂ ಬಲಾತ್ಕರಿಸುವವರಿಲ್ಲ, ಜಾತಿಯಿಂದ ಹೊರಹಾಕುವವರಿಲ್ಲ, ಊರಿನಿಂದ ಸಾವಿರಾರು ಮೈಲಿ ದೂರದಲ್ಲಿದ್ದೇವೆ. ಮೇಲಾಗಿ ಕಚ್ಚುವ ತುದಿಯಲ್ಲಿ ಕೊಬ್ಬಿಲ್ಲವೆಂಬುದನ್ನು ಈಗ ತಾನೇ ಕಣ್ಣಾರೆ ಕಂಡಿದ್ದೇವೆ. ಇಷ್ಟೆಲ್ಲ ಇದ್ದೂ ಕೈ ತಡೆಯಿತು. ಸ್ನೇಹಿತರು ನಮ್ಮ ಮುಖವನ್ನು ನೋಡಿ, ಬೆರಳಿನಿಂದ ಹರಿಯಿರಿ, ಅದೂ ಶಾಸ್ತ್ರೋಕ್ತವೇ ಎಂದು ನಕ್ಕರು. ನಿಜ, ಅಸಮಾಧಾನ ಹಬ್ಬಿದ ಕೆಲವೇ ವಾರಗಳಲ್ಲಿ, ತೋಟಾವನ್ನು ಕಚ್ಚದೆ ಕೈಯಿಂದ ಹರಿಯಬಹುದೆಂದು ಕವಾಯತನ್ನು ತಿದ್ದಿದ್ದರು. ನಾವು ಹಾಗೆಯೇ ಮಾಡಿದೆವು. ಒಂದು ಕೈಯಲ್ಲಿ ಬಂದೂಕನ್ನು ಹಿಡಿದು ಬೆರಳುಗಳಿಂದ ಕಾಗದವನ್ನು ಹರಿಯುವಾಗ ಮದ್ದು ಅರ್ಧ ನೆಲಕ್ಕೆ ಬಿದ್ದಿತು. ಹಲ್ಲು ಏಕೆ ಬೇಕಾಗಿತ್ತೆಂಬುದು ತಿಳಿಯಿತು. ಬಳಿಕ ತೋಟಾವನ್ನು ತಲೆಕೆಳಗು ಮಾಡಿ, ಗುಂಡಿನ ತುದಿಯನ್ನು ನಳಿಗೆಯ ಬಾಯಿಗಿಟ್ಟು, ಉಳಿದ ಕಾಗದವನ್ನು ಹರಿದು, ಸಲಾಕೆಯಿಂದ ಜಡಿಯಬೇಕು. ಇಲ್ಲಿ ಕೊಬ್ಬು ಬೆರಳಿಗೆ ಅಂಟುತ್ತದೆ. ಎರಡನೆಯ ತೋಟಾವನ್ನು ಆ ಬೆರಳಿನಿಂದಲೇ ಎತ್ತಬೇಕು. ನಾಲ್ಕನೆಯ ಈಡಿನ ವೇಳೆಗೆ ನಮ್ಮ ಎರಡು ಕೈಗಳೂ, ಬಂದೂಕೂ, ಮುಖವೂ ಕೊಬ್ಬು ಮತ್ತು ಮಸಿಯಿಂದ ಜಿಡ್ಡಾಗಿದ್ದುವು. ಅದು ತಂಪು ನಾಡಿನ ಒಂದು ಬೆಳಗ್ಗೆ. ಬಂಗಾಳದ ಬಿಸಿಲಿನಲ್ಲಿ, ಸೊಂಟದ ಚೀಲದಲ್ಲಿ ಕರಗುತ್ತಿದ್ದ ತೋಟಾಗಳ ಯಾವ ತುದಿಯಲ್ಲಿ ಕೊಬ್ಬಿದೆಯೆಂದು ಯಾರು ಹೇಳಬಲ್ಲರು? ಬರೆಯಬೇಕೆಂದಿದ್ದ ಲೇಖನವನ್ನು ನಾವು ಅಲ್ಲಿಯೇ ಕೈಬಿಟ್ಟೆವು.

ಹಾಗೆಂದು ತೋಟಾವೇ ದಂಗೆಯ ಕಾರಣವೆಂದು ನಮ್ಮ ಅಭಿಪ್ರಾಯವಲ್ಲ. ದಂ ದಂ ಎಂಬಲ್ಲಿ ಮದ್ದಿನ ಮನೆಯ ಕೂಲಿಯೊಬ್ಬನು ಬ್ರಾಹ್ಮಣ ಸಿಪಾಯಿಯನ್ನು ನೀರು ಕೇಳಿ, ಅವನು ತಂಬಿಗೆ ಮುಟ್ಟಗೊಡದಿರಲು, ನಿನ್ನ ಜಾತಿ ಇನ್ನೆಷ್ಟು ದಿನ ಎಂದು ಹಂಗಿಸಿದ ಕಥೆ ಪ್ರಸಿದ್ಧವಾಗಿದೆ. ಸಿಪಾಯಿಗಳೇ ತಮಗೆ ಬೇಕಾದ ಜಿಡ್ಡನ್ನು ತಂದು ಸವರಿಕೊಳ್ಳಬಹುದೆಂದು ಅಪ್ಪಣೆಯಾಯಿತು. ಆಗ ಶಂಕೆ ಕಾಗದದ ಮೇಲೆ ಹೋಯಿತು. ಫೆಬ್ರವರಿ ೨೬ರಂದು ಬರಾಂಪುರದಲ್ಲಿ ೧೯ನೆಯ ದಳವು ತೋಟಾಗಳನ್ನು ನಿರಾಕರಿಸಿತು. ಮಾರ್ಚಿ ೨೯ರಂದು ಬಾರಕಪುರದಲ್ಲಿ ಮಂಗಲ ಪಾಂಡೆಯು ತನ್ನ ಬಂದೂಕನ್ನು ಅಧಿಕಾರಿಗಳ ಕಡೆಗೆ ತಿರುಗಿಸಿದನು. ಏಪ್ರಿಲ್ ೨೪ರಂದು ಮೀರತ್ತಿನಲ್ಲಿ ೩ನೆಯ ರಿಸಾಲೆಯ ತೊಂಬತ್ತು ಮಂದಿಯಲ್ಲಿ ಎಂಬತ್ತೈದು ಮಂದಿ ತೋಟಾಗಳನ್ನು ಮುಟ್ಟಲೊಲ್ಲೆವೆಂದರು. ಆಶ್ಚರ್ಯವೆಂದರೆ ಆ ತೋಟಾಗಳು ಎನ್‌ಫೀಲ್ಡಿನವಲ್ಲ. ಅವರು ಬಹುಕಾಲದಿಂದ ಬಳಸುತ್ತಿದ್ದ ಹಳೆಯ ಬಗೆಯವೇ. ಮೇ ೯ರಂದು ಅವರಿಗೆ ಕವಾಯತು ಬಯಲಿನಲ್ಲಿ ಬೇಡಿ ತೊಡಿಸಿದರು; ಮರುದಿನ ಮೀರತ್ತು ಎದ್ದಿತು. ಅಧಿಕಾರಿಗಳು ಒಂದೊಂದು ಮೆಟ್ಟಲು ಇಳಿದುಬಂದ ಹಾಗೆಲ್ಲ, ಮೊದಲು ಕೊಬ್ಬಿತ್ತೆಂಬುದಕ್ಕೆ ಇದೇ ಸಾಕ್ಷಿಯೆಂದು ಸಿಪಾಯಿಗಳು ತರ್ಕಿಸಿದರು. ನಂಬಿಕೆ ಹೋದ ಮೇಲೆ ಹೇಳಿದ ನಿಜವೂ ಸುಳ್ಳಿನ ಮುಂದುವರಿಕೆಯಂತೆಯೇ ಕೇಳಿಸುತ್ತದೆ. ತೋಟಾ ನೆಪವೂ ಅಲ್ಲ, ಕಾರಣವೂ ಅಲ್ಲ. ಇದ್ದ ಅಪನಂಬಿಕೆ ಕೈಗೆ ಅಂಟುವ ವಸ್ತುವಾಗಿ ಕಾಣಿಸಿಕೊಂಡದ್ದು ಅದರಲ್ಲಿ. ತರಗತಿಯಲ್ಲಿ ಐದು ನಿಮಿಷ ಅದಕ್ಕೆ ಸಾಲದು.

ಇನ್ನು ಗುರಿಯ ವಿಷಯ. ನೂರು ಗಜದ ಹಲಗೆಗೆ ಎನ್‌ಫೀಲ್ಡಿನಿಂದ ಹತ್ತು ಈಡು ಹಾರಿಸಿ ಏಳನ್ನು ತಾಗಿಸಿದೆವು. ಬಂದೂಕು ಹಿಡಿದು ಒಂದು ಗಂಟೆಯೂ ಆಗದವರಿಗೆ ಇದು ಸಾಮಾನ್ಯವಲ್ಲವೆಂದು ಸ್ನೇಹಿತರು ಶ್ಲಾಘಿಸಿದರು. ನಾವೂ ಮನಸ್ಸಿನೊಳಗೆ ಒಪ್ಪಿಕೊಂಡೆವು. ಆಮೇಲೆ ಅವರು ಮತ್ತೊಂದು ಎನ್‌ಫೀಲ್ಡನ್ನು ನಮ್ಮ ಕೈಗಿಟ್ಟರು. ಅದೇ ಉದ್ದ, ಅದೇ ಮರ, ಅದೇ ಕೇಪಿನ ಕುದುರೆ, ನಳಿಗೆಗೆ ಅದೇ ಮೂರು ಪಟ್ಟಿಗಳು. ಗುರಿಪಟ್ಟಿ ಮಾತ್ರ ಮಡಿಸುವಂಥದಲ್ಲದೆ ಒಂದು ಸಣ್ಣ ಕಬ್ಬಿಣದ ತುಂಡಾಗಿತ್ತು; ನಾವು ಅದನ್ನು ಲಕ್ಷಿಸಲಿಲ್ಲ. ಮತ್ತೆ ಹತ್ತು ಈಡುಗಳು. ಹಲಗೆಗೆ ತಾಗಿದುದು ಎರಡು. ಕೈ ಸೋತಿತೆಂದುಕೊಂಡೆವು, ಉಸಿರು ಹಿಡಿಯಲಿಲ್ಲವೆಂದುಕೊಂಡೆವು, ಮೊದಲಿನ ಏಳು ಬರಿಯ ಅದೃಷ್ಟವೆಂದು ನಾಚಿದೆವು. ಸ್ನೇಹಿತರು ಏನನ್ನೂ ಹೇಳದೆ, ಬಂದೂಕನ್ನು ಬರಿದುಮಾಡಿ ಪರೀಕ್ಷಿಸಿ, ಬಾಯಿಗೆ ಬೆರಳಿಟ್ಟು ನೋಡಿರೆಂದರು. ಕಿರುಬೆರಳನ್ನು ಒಳಗೆ ಬಿಟ್ಟು ತಿರುಗಿಸಿದೆವು. ತೋಡುಗಳಿರಲಿಲ್ಲ. ಒಳಮೈ ಗಾಜಿನ ಬಳೆಯಂತೆ ನುಣ್ಣಗಿತ್ತು.

ದಂಗೆ ಅಡಗಿದ ಮೇಲೆ ಭಾರತದ ಸಿಪಾಯಿಗಳಿಗೆಂದೇ ತಯಾರಾದ ಬಂದೂಕು ಇದು. ಹೊರಗೆ ಎನ್‌ಫೀಲ್ಡಿನ ರೂಪವನ್ನಿಟ್ಟು, ಒಳಗಿನ ತೋಡುಗಳನ್ನು ಬಿಟ್ಟು, ನಳಿಗೆಯ ಬಾಯನ್ನು ೦.೬೫೬ ಅಂಗುಲಕ್ಕೆ ಹಿಗ್ಗಿಸಿದ್ದರು. ದೂರದ ಗುರಿ ಹೂಡುವ ಪಟ್ಟಿಯಿಂದ ಪ್ರಯೋಜನವಿಲ್ಲವಾದುದರಿಂದ ಅದನ್ನೂ ತೆಗೆದಿದ್ದರು. ಕುಂಪಣಿಯ ಪಕ್ಷದಲ್ಲಿ ನಿಂತವರು, ದಂಗೆಯಲ್ಲಿ ಸೇರದೆ ಸುಮ್ಮನಿದ್ದವರು ಕೂಡ ಈ ಅನುಮಾನದಿಂದ ಪಾರಾಗಲಿಲ್ಲ. ಇದೇ ವರ್ಷಗಳಲ್ಲಿ ವಿಂಬಲ್ಡನ್ನಿನಲ್ಲಿ ರಾಣಿಯು ರೇಷ್ಮೆಯ ದಾರವನ್ನು ಎಳೆದು ಪ್ರಜೆಗಳಿಗೆ ಗುರಿಯ ಬಹುಮಾನಗಳನ್ನು ಆರಂಭಿಸಿದಳೆಂಬುದನ್ನು ಜ್ಞಾಪಿಸಿಕೊಳ್ಳಬೇಕು. ಬಂಗಾಳದಲ್ಲಿ ಇಬ್ಬರು ದೇಶೀಯರಿಗೆ ಒಬ್ಬ ಐರೋಪ್ಯ ಸೈನಿಕನಿರಬೇಕು, ಮದರಾಸು ಬೊಂಬಾಯಿಗಳಲ್ಲಿ ಮೂವರಿಗೆ ಒಬ್ಬನಿರಬೇಕು, ಫಿರಂಗಿಗಳು ಬಹುಮಟ್ಟಿಗೆ ಐರೋಪ್ಯರ ಕೈಯಲ್ಲಿರಬೇಕು ಎಂಬ ನಿಯಮಗಳನ್ನು ನಾವು ಎಷ್ಟೋ ಸಲ ಪುಸ್ತಕದಿಂದ ಓದಿ ಹೇಳಿದ್ದೆವು. ಅವು ಅಂಕಿಗಳಾಗಿದ್ದುವು. ಆ ಬೆಳಗ್ಗೆ ಅದೇ ನೀತಿ ನಮ್ಮ ಕಿರುಬೆರಳಿಗೆ ತಾಗಿತು. ನಮ್ಮನ್ನು ಹೆಚ್ಚಾಗಿ ನೋಯಿಸಿದುದು ಬೇರೊಂದು ಯೋಚನೆ. ಆ ಬಂದೂಕನ್ನು ಹಿಡಿದ ಸಿಪಾಯಿ ಗುರಿ ತಪ್ಪಿದಾಗ ಏನೆಂದುಕೊಂಡಿರಬೇಕು? ನಾವು ಎಂದುಕೊಂಡ ಹಾಗೆಯೇ, ತನ್ನ ಕೈ ಸೋತಿತು, ತಾನು ಗುರಿಗಾರನಲ್ಲ ಎಂದೇ ಅಲ್ಲವೆ?

ಆಯುಧದ ಮೇಲಿನ ಈ ಶಂಕೆ ದಂಡಿನ ಹೊರಗೂ ಹರಡಿತು. ೧೮೫೭ರಲ್ಲಿಯೇ ನಿಶ್ಶಸ್ತ್ರೀಕರಣದ ಕಾನೂನು ಬಂದಿತು. ಮುಧೋಳದ ಸೀಮೆಯ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ತಮ್ಮ ಆಯುಧಗಳನ್ನು ಒಪ್ಪಿಸಲೊಲ್ಲದೆ ನಿಂತರು. ದಂಡು ಬಂದು ಊರನ್ನು ಸುಟ್ಟು, ಹಲವರನ್ನು ಗಲ್ಲಿಗೇರಿಸಿತು. ಆ ಕಥೆಯನ್ನು ಹಾಡುವ ಲಾವಣಿ ಉತ್ತರ ಕರ್ನಾಟಕದಲ್ಲಿ ಉಳಿದುಬಂದಿದೆ. ಇದಕ್ಕೆ ವಿರುದ್ಧವಾಗಿ ೧೮೬೧ರಲ್ಲಿ ಮಾರ್ಕ್ ಕಬ್ಬನ್ನನು ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟನು. ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸಂಪ್ರದಾಯ ಅಲ್ಲಿ ಇಂದಿಗೂ ಇದೆ. ಒಂದೇ ನಾಡಿನ ಎರಡು ಮೂಲೆಗಳಲ್ಲಿ ಒಂದೇ ಆಯುಧಕ್ಕೆ ಒಂದು ಕಡೆ ಗಲ್ಲು, ಇನ್ನೊಂದು ಕಡೆ ಗೌರವ.

ಮಧ್ಯಾಹ್ನದ ಬಂದೂಕುಗಳ ಮಾತನ್ನು ಬೇಗ ಮುಗಿಸಬಹುದು. ೧೮೬೬ರ ಸ್ನೈಡರ್, ಎನ್‌ಫೀಲ್ಡಿನ ಹಿಂಭಾಗವನ್ನು ಕತ್ತರಿಸಿ ಬಾಗಿಲಿಟ್ಟದ್ದು. ಹಿಂದಿನಿಂದ ಲೋಹದ ತೋಟಾ ಹಾಕಬಹುದಾದುದರಿಂದ ಕಚ್ಚುವ ಪ್ರಶ್ನೆಯೇ ಇಲ್ಲವಾಯಿತು. ಒಂಬತ್ತು ವರ್ಷ ಮೊದಲೇ ಬಂದಿದ್ದರೆ ಎಂದು ಯಾರಿಗಾದರೂ ತೋರದಿರದು. ಅನಂತರ ೧೮೭೧ರ ಮಾರ್ಟಿನಿ ಹೆನ್ರಿ. ಇದರ ಪೆಟ್ಟು ನಮ್ಮ ಭುಜದಲ್ಲಿ ಒಂದು ವಾರ ನೀಲಿಯಾಗಿ ಉಳಿಯಿತು. ಅನಂತರ ೦.೩೦೩ ಅಂಗುಲದ ಲೀ ಎನ್‌ಫೀಲ್ಡ್. ಇಂಗ್ಲೀಷ್ ದಳಗಳಿಗೆ ಹೊಸದು ಬಂದ ಮೇಲೆ ಅವರು ಬಿಟ್ಟ ಹಳೆಯದು ಭಾರತೀಯ ದಳಗಳಿಗೆ ಎಂಬುದು ಬಹುಕಾಲ ನಡೆಯಿತು. ೧೮೭೮ರ ಆಫ್‌ಘನ್ ಯುದ್ಧದಲ್ಲಿ ಇಂಗ್ಲೀಷರ ಕೈಯಲ್ಲಿ ಮಾರ್ಟಿನಿಯಿದ್ದಾಗ ನಮ್ಮವರ ಕೈಯಲ್ಲಿ ಸ್ನೈಡರ್ ಇತ್ತು. ೧೯೧೪ರಲ್ಲಿ ಭಾರತದ ದಂಡು ಫ್ರಾನ್ಸಿನ ಮಾರ್ಸೇಲ್ಸ್ ರೇವಿನಲ್ಲಿ ಇಳಿದಾಗ, ಹಳೆಯ ಬಂದೂಕುಗಳನ್ನು ತೆಗೆದುಕೊಂಡು ಹೊಸ ಮಾದರಿಯ ರೈಫಲುಗಳನ್ನು ಕೈಗೆ ಕೊಟ್ಟರು. ಐವತ್ತಾರು ವರ್ಷಗಳ ಅನುಮಾನವನ್ನು ಅಂದು ಅವಸರವು ಗೆದ್ದಿತು.

ಸಂಜೆ ರೈಲಿನಲ್ಲಿ ಹಿಂದಿರುಗುವಾಗ ಕೈಗಳನ್ನು ಎರಡು ಸಲ ತೊಳೆದರೂ ಗಂಧಕದ ವಾಸನೆ ಹೋಗಿರಲಿಲ್ಲ. ಸ್ನೇಹಿತರು, ನಿಮಗೆ ಬೇಸರವಾಯಿತೇನೋ ಎಂದು ಕೇಳಿದರು. ಇಲ್ಲವೆಂದೆವು, ಅದು ನಿಜವೂ ಹೌದು. ಆ ಎರಡನೆಯ ಬಂದೂಕನ್ನು ಮೊದಲೇ ಇಂಥದೆಂದು ಹೇಳಿ ಕೊಟ್ಟಿದ್ದರೆ ನಾವು ತಲೆದೂಗಿ ಮರೆಯುತ್ತಿದ್ದೆವು. ಹೇಳದೆ ಕೊಟ್ಟುದರಿಂದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಸಿಪಾಯಿಯ ನಾಚಿಕೆಯನ್ನು ಹತ್ತು ನಿಮಿಷಗಳ ಮಟ್ಟಿಗೆ ನಾವೂ ಹೊತ್ತೆವು.

ಈಗಲೂ ನಾವು ಅದೇ ಪಾಠವನ್ನು ಹೇಳುತ್ತೇವೆ. ಡಾಲ್‌ಹೌಸಿಯ ನೀತಿಯೂ ಬರುತ್ತದೆ, ಅವಧ್ ರಾಜ್ಯವೂ ಬರುತ್ತದೆ. ಆದರೆ ಮೇಜಿನ ಮೇಲೆ ಒಂದು ಕಾಗದದ ಸುರುಳಿಯನ್ನಿಟ್ಟು, ಇದರ ಯಾವ ತುದಿಯನ್ನು ಕಚ್ಚುವಿರಿ ಎಂದು ಮೊದಲು ವಿದ್ಯಾರ್ಥಿಗಳನ್ನು ಕೇಳುತ್ತೇವೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಪಾಠವನ್ನು ಅಲ್ಲಿಂದ ಆರಂಭಿಸುತ್ತೇವೆ.